ಪದ್ಮಿನಿಯ ಮೀಟರ್ ದೀಪಕ್ಕೆ ಎಷ್ಟು ಬೆಳಕು ಬೇಕು?

ಹೆಡ್‌ಲೈಟ್ ಹೋದರೆ ಅವತ್ತೇ ಗೊತ್ತಾಗುತ್ತದೆ. ಬ್ರೇಕ್ ಲೈಟ್ ಹೋದರೆ ಹಿಂದೆ ಬರುವವರು ಯಾರಾದರೂ ಪಕ್ಕಕ್ಕೆ ಬಂದು ಹೇಳುತ್ತಾರೆ. ಮೀಟರ್ ದೀಪ, ಅಂದರೆ ಸ್ಪೀಡು, ಪೆಟ್ರೋಲು ತೋರಿಸುವ ಮುಳ್ಳುಗಳಿಗೆ ಬೆಳಕು ಕೊಡುವ ದೀಪ, ಹಾಗಲ್ಲ. ಅದು ವರ್ಷದಿಂದ ವರ್ಷಕ್ಕೆ ಒಂಚೂರು ಒಂಚೂರೇ ಮಂಕಾಗುತ್ತಾ ಹೋಗುತ್ತದೆ. ಓಡಿಸುವವರ ಕಣ್ಣೂ ಅಷ್ಟಷ್ಟೇ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಯಾವತ್ತು ಕೆಟ್ಟಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಕೊನೆಗೆ ರಾತ್ರಿ ಹೊತ್ತು ಪೆಟ್ರೋಲ್ ಎಷ್ಟಿದೆ ಅಂತ ನೋಡೋಕೆ ಮೊಬೈಲ್ ಟಾರ್ಚ್ ಹಾಕುವ ಸ್ಥಿತಿ ಬರುತ್ತದೆ. ನಮ್ಮ ಮನೆಯ ಹಳೇ ಕಾರು ಪದ್ಮಿನಿ ಆ ಸ್ಥಿತಿಗೆ ಬಂದು ತುಂಬ ಕಾಲ ಆಗಿತ್ತು.

ನಮ್ಮದು ತೀರ್ಥಹಳ್ಳಿ ಕಡೆ. ಗಾಡಿ 1984ರ ಪ್ರೀಮಿಯರ್ ಪದ್ಮಿನಿ. ಅಪ್ಪಯ್ಯ ತೆಗೆದುಕೊಂಡಿದ್ದು, ಜಾಸ್ತಿ ಓಡಿಸಿದ್ದೂ ಅವರೇ. ಈಗ ನಾನು ಓಡಿಸುತ್ತೇನೆ, ಅವರು ಪಕ್ಕದಲ್ಲಿ ಕೂರುತ್ತಾರೆ. ಈಗಿನ ಹುಡುಗರಿಗೆ ಈ ಗಾಡಿಯ ಪರಿಚಯ ಕಡಿಮೆ, ಅದಕ್ಕೆ ಎರಡು ಮಾತು ಹೇಳಿಬಿಡುತ್ತೇನೆ. ಮೂಲದಲ್ಲಿ ಇದು ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಇದನ್ನು ಕಟ್ಟುತ್ತಿತ್ತು. 1964ರಲ್ಲಿ 1100 ಡಿಲೈಟ್ ಅಂತ ಬಂತು, 1974ರಿಂದ ಪದ್ಮಿನಿ ಆಯಿತು. 1089 ಸಿಸಿಯ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಹೆಸರು ಏನೇ ಬದಲಾದರೂ ಜನ ಕರೆದಿದ್ದು 'ಫಿಯೆಟ್' ಅಂತಲೇ. ನಮ್ಮ ಕಡೆ ಡಾಕ್ಟರು, ವಕೀಲರು, ಅಡಿಕೆ ಮಂಡಿಯವರು ಇಟ್ಟುಕೊಂಡಿದ್ದ ಗಾಡಿ ಇದು.

ಅದರ ಡ್ಯಾಶ್‌ಬೋರ್ಡ್ ತುಂಬ ಸರಳ. ಸ್ಟೀರಿಂಗ್ ಮುಂದೆ ಒಂದೇ ಒಂದು ಅಡ್ಡ ಮೀಟರ್ ಪೆಟ್ಟಿಗೆ. ಅದರಲ್ಲಿ ಸ್ಪೀಡು, ಪೆಟ್ರೋಲು, ನೀರಿನ ಬಿಸಿ. ಜೊತೆಗೆ ನಾಲ್ಕಾರು ಬಣ್ಣದ ಪುಟ್ಟ ದೀಪಗಳು. ಅಷ್ಟೇ. ರಾತ್ರಿ ಹೊತ್ತು ಈ ಪೆಟ್ಟಿಗೆ ಬಿಟ್ಟರೆ ಗಾಡಿಯೊಳಗೆ ಬೇರೆ ಬೆಳಕಿಲ್ಲ.

ಮಲೆನಾಡಿನಲ್ಲಿ ರಾತ್ರಿ ಓಡಿಸಿದವರಿಗೆ ಈ ಪೆಟ್ಟಿಗೆಯ ಬೆಲೆ ಗೊತ್ತು. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವುದೆಂದರೆ ಆಗುಂಬೆ ಘಾಟಿ ಇಳಿಯಬೇಕು. 14 ಹೇರ್‌ಪಿನ್ ತಿರುವು, ಎರಡೂ ಕಡೆ ಕಾಡು. ಬೀದಿದೀಪದ ಮಾತೇ ಇಲ್ಲ. ಇಳಿಯುವಾಗ ಸ್ಪೀಡ್ ಮುಳ್ಳು ನೋಡುವ ಅಗತ್ಯ ಅಷ್ಟಾಗಿ ಬರುವುದಿಲ್ಲ, ಎರಡನೇ ಗೇರಿನಲ್ಲಿ ಎಂಜಿನ್ ಸದ್ದೇ ಹೇಳುತ್ತದೆ. ವಾಪಸ್ ಹತ್ತುವಾಗ ಕಥೆ ಬೇರೆ. ಘಾಟಿಯ ಬುಡದ ಸೋಮೇಶ್ವರ ದಾಟಿ ಮೇಲೆ ಹತ್ತುವಾಗ ಹಳೇ ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಅಂತ ಕ್ಷಣಕ್ಷಣಕ್ಕೂ ನೋಡುತ್ತಿರಬೇಕು. ಆ ಮುಳ್ಳು ಕಾಣಿಸದಿದ್ದರೆ ಗಾಡಿ ನಿಂತ ಮೇಲೇ ಗೊತ್ತಾಗುವುದು. ಮೀಟರ್ ದೀಪ ಅಂದದ ವಿಷಯ ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಪಾಲಿಗೆ ಅದು ಬ್ರೇಕಿನಷ್ಟೇ ಅಗತ್ಯದ ವಿಷಯ.

ಮಂಕಾದ ದೀಪ ಅಂದ ಕೂಡಲೇ ಎಲ್ಲರ ಕೈ ಬಲ್ಬಿಗೇ ಹೋಗುತ್ತದೆ. ಹಳೇ ಬಲ್ಬು ತೆಗಿ, ಹೊಸದು ಹಾಕು, ಮುಗೀತು. ನಮ್ಮೂರಿನ ವೈರಿಂಗ್ ಮಿಸ್ತ್ರಿ ಒಬ್ಬರಿದ್ದಾರೆ, ಅಂಬಾಸಿಡರ್, ಫಿಯೆಟ್, ಮಹೀಂದ್ರ ಜೀಪುಗಳ ಕಾಲದಿಂದ ಕೆಲಸ ಮಾಡಿದವರು. ನಾನು ಬಲ್ಬಿನ ಸುದ್ದಿ ಎತ್ತಿದ ಕೂಡಲೇ ಅವರು ಹೇಳಿದ್ದು ಇಷ್ಟು: "ಬಲ್ಬಿಗೆ ಏನೂ ಆಗಿರಲಿಕ್ಕಿಲ್ಲ ಮಾರಾಯ್ರೇ. ಅದಕ್ಕೆ ಊಟ ಸರಿಯಾಗಿ ಸಿಗ್ತಾ ಇಲ್ಲ. ಮೊದಲು ಅರ್ಥ್ ನೋಡಿ."

ಅರ್ಥ್ ಅಂದರೆ ಬಲ್ಬಿನಿಂದ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ. ಅವರ ಮಾತು ಎಷ್ಟು ನಿಜ ಅಂತ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು. ಎಂಜಿನ್ ಆಫ್ ಇಟ್ಟು, ದೀಪ ಆನ್ ಮಾಡಿ ನೋಡಿದೆ. ಬ್ಯಾಟರಿಯ ಮೇಲೆ ಹನ್ನೆರಡೂವರೆ ವೋಲ್ಟ್. ಮೀಟರ್ ಪೆಟ್ಟಿಗೆಯ ಹಿಂದೆ, ಬಲ್ಬಿನ ಹೋಲ್ಡರಿನಲ್ಲಿ ಹತ್ತೂವರೆಯೂ ಪೂರ್ತಿ ಇಲ್ಲ. ಎರಡು ವೋಲ್ಟು ದಾರಿಯಲ್ಲೇ ಸೋರಿಹೋಗಿತ್ತು.

ಎರಡು ವೋಲ್ಟು ತಾನೇ ಅಂತ ಅನ್ನಿಸಬಹುದು. ಆದರೆ ಒಳಗಿನ ತಂತಿ ಕಾದು ಬೆಳಗುವ ಫಿಲಮೆಂಟ್ ಬಲ್ಬಿಗೆ ಒಂದು ಗುಣ ಇದೆ. ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಶೇ. 10 ಅಲ್ಲ, ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಶೇ. 20 ಕಡಿಮೆಯಾದರೆ ಅರ್ಧ ಬೆಳಕೂ ಉಳಿಯುವುದಿಲ್ಲ. ಕಾರಣ ಇಷ್ಟೇ: ವೋಲ್ಟೇಜ್ ಇಳಿದರೆ ತಂತಿಯ ಬಿಸಿ ಇಳಿಯುತ್ತದೆ. ಬಿಸಿ ಇಳಿದ ಹಾಗೆ ಅದು ಕೊಡುವ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಪಾಲು ಬೇಗಬೇಗ ಕಡಿಮೆಯಾಗುತ್ತದೆ, ಕಾಣದ ಶಾಖವೇ ಜಾಸ್ತಿಯಾಗುತ್ತದೆ. ಬಣ್ಣವೂ ತಿಳಿ ಹಳದಿಯಿಂದ ಕೆಂಪಿನ ಕಡೆ ಜಾರುತ್ತದೆ. ನಮ್ಮ ಮೀಟರಿನ ಬೆಳಕು ಯಾಕೆ ಅಷ್ಟು ಕೆಂಪಗೆ ಇತ್ತು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಇನ್ನೊಂದು ವಿಷಯವೂ ಆಗಲೇ ಅರ್ಥವಾಯಿತು. ಈ ಬಲ್ಬುಗಳು ಇಷ್ಟು ವರ್ಷ ಯಾಕೆ ಸುಟ್ಟುಹೋಗಲಿಲ್ಲ? ಇದೇ ಲೆಕ್ಕ ಉಲ್ಟಾ ಹಾಕಿದರೆ ಸಾಕು. ವೋಲ್ಟೇಜ್ ಸ್ವಲ್ಪ ಏರಿದರೂ ಫಿಲಮೆಂಟ್ ಬಲ್ಬಿನ ಆಯಸ್ಸು ತುಂಬ ಕಡಿಮೆಯಾಗುತ್ತದೆ, ಸ್ವಲ್ಪ ಇಳಿದರೂ ತುಂಬ ಜಾಸ್ತಿಯಾಗುತ್ತದೆ. ಮಂಕಾಗಿ ಉರಿದಿದ್ದಕ್ಕೇ ಅವು ಇಷ್ಟು ದಿನ ಬಾಳಿದ್ದು. ಬಲ್ಬ್ ಹೋಗಿಲ್ಲವಲ್ಲ, ಎಲ್ಲ ಸರಿ ಇದೆ ಅಂತ ನಾವೂ ಸುಮ್ಮನಿದ್ದೆವು.

ವೋಲ್ಟು ಎಲ್ಲಿ ಸೋರುತ್ತದೆ ಅಂತ ಹುಡುಕುವುದು ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ. ದೀಪ ಆನ್ ಇರಬೇಕು, ಇದು ಮುಖ್ಯ. ಕರೆಂಟ್ ಹರಿಯುತ್ತಿದ್ದರೆ ಮಾತ್ರ ಸೋರಿಕೆ ಕಾಣಿಸುವುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು, ಇನ್ನೊಂದನ್ನು ಬಲ್ಬ್ ಹೋಲ್ಡರಿನ ಹೊರಗಿನ ತಗಡಿಗೆ ಇಡಬೇಕು. ಅರ್ಥ್ ಸರಿ ಇದ್ದರೆ ಸೊನ್ನೆಗೆ ಹತ್ತಿರ ತೋರಿಸಬೇಕು. ನಮ್ಮದರಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ತೋರಿಸಿತು. ಅಂದರೆ ಅರ್ಧಕ್ಕೂ ಹೆಚ್ಚು ನಷ್ಟ ವಾಪಸ್ ಬರುವ ದಾರಿಯಲ್ಲೇ ಆಗುತ್ತಿತ್ತು. ಅದೇ ರೀತಿ ಪಾಸಿಟಿವ್ ಕಡೆಯಿಂದಲೂ ಒಂದೊಂದೇ ಹೆಜ್ಜೆ ಬರಬೇಕು. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಹೋಲ್ಡರಿಗೆ.

ಹಳೇ ಗಾಡಿಗಳಲ್ಲಿ ಅರ್ಥ್‌ಗೆ ಬೇರೆ ವೈರ್ ಇರುವುದು ಕಡಿಮೆ. ಗಾಡಿಯ ತಗಡೇ ವಾಪಸ್ ದಾರಿ. ಬಲ್ಬಿನ ತಗಡು ಹೋಲ್ಡರಿಗೆ ಮುಟ್ಟಬೇಕು, ಹೋಲ್ಡರ್ ಮೀಟರ್ ಪೆಟ್ಟಿಗೆಗೆ ಮುಟ್ಟಬೇಕು, ಪೆಟ್ಟಿಗೆ ಡ್ಯಾಶ್‌ಬೋರ್ಡಿಗೆ, ಡ್ಯಾಶ್‌ಬೋರ್ಡ್ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ. ಈ ಸರಣಿಯಲ್ಲಿ ಎಲ್ಲಿ ತುಕ್ಕು ಕೂತರೂ, ಎಲ್ಲಿ ಬಣ್ಣ ಬಳಿದರೂ ಬೆಳಕು ಕಡಿಮೆಯಾಗುತ್ತದೆ. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ವರ್ಷಗಳು ಅಪರೂಪವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನೊಳಗೆ ನಿಲ್ಲಿಸಿದ ಗಾಡಿಯೊಳಗೂ ಬೂಷ್ಟು ಹಿಡಿಯುತ್ತದೆ. ಹಿತ್ತಾಳೆ, ತಾಮ್ರಕ್ಕೆ ಕಿಲುಬು ಕಟ್ಟದೆ ಇರುತ್ತದಾ? ಜೊತೆಗೆ ನಮ್ಮ ಗಾಡಿಗೆ ಒಮ್ಮೆ ಪೂರ್ತಿ ಪೇಂಟ್ ಆಗಿತ್ತು. ಆಗ ಪೇಂಟ್ ಮಾಡಿದವರು ಡ್ಯಾಶ್‌ಬೋರ್ಡಿನ ಅಂಚಿಗೂ, ಬ್ಯಾಟರಿಯ ಅರ್ಥ್ ಪಟ್ಟಿ ಕೂರುವ ಜಾಗಕ್ಕೂ ಬಣ್ಣ ಹೊಡೆದು ಅದರ ಮೇಲೇ ಬೋಲ್ಟ್ ಬಿಗಿದಿದ್ದರು. ನೋಡಲು ಚೆಂದ. ಕರೆಂಟಿಗೆ ಅಡ್ಡಗೋಡೆ.

ಫ್ಯೂಸಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಆ ಕಾಲದ ಫಿಯೆಟ್‌ಗಳಲ್ಲಿ ಇರುವುದು ಪಿಂಗಾಣಿ ಫ್ಯೂಸು. ಎರಡೂ ತುದಿ ಚೂಪು, ಮೈಮೇಲೆ ಒಂದು ತೆಳು ಲೋಹದ ಪಟ್ಟಿ. ಅದು ಎರಡು ಹಿತ್ತಾಳೆ ಎಲೆಗಳ ನಡುವೆ ಸುಮ್ನೆ ಒತ್ತಿ ಕೂತಿರುತ್ತದೆ. ವರ್ಷಗಳಾದ ಮೇಲೆ ಎಲೆಗಳ ಒತ್ತಡ ಸಡಿಲವಾಗುತ್ತದೆ, ತುದಿಗೆ ಕಿಲುಬು ಹಿಡಿಯುತ್ತದೆ. ಫ್ಯೂಸ್ ಸುಟ್ಟಿಲ್ಲ ಅಂತ ಕಣ್ಣಿಗೆ ಕಾಣುತ್ತದೆ, ಆದರೆ ಕರೆಂಟು ಅರೆಬರೆ ಹರಿಯುತ್ತಿರುತ್ತದೆ. ಬೆರಳಿನಿಂದ ಅಲ್ಲೇ ತಿರುಗಿಸಿದರೆ ಸಾಕು, ಎಷ್ಟೋ ಸಲ ದೀಪ ತಕ್ಷಣ ಜಾಸ್ತಿಯಾಗುತ್ತದೆ. ಹಳೇ ಫಿಯೆಟ್ ಇರುವವರು ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ. ಸ್ಪ್ಯಾನರ್ ಬೇಡ, ದುಡ್ಡು ಬೇಡ. ಕೆಲವು ಬೇರೆ ಗಾಡಿಗಳಲ್ಲಿ ಮೀಟರ್ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಗುಂಡಿ ಇರುತ್ತದೆ. ಅದರೊಳಗೆ ಇರುವುದು ಸುರುಳಿ ಸುತ್ತಿದ ತಂತಿ, ಅದಕ್ಕೂ ಕಿಲುಬು ಕಟ್ಟುತ್ತದೆ. ಆ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಸುಮಾರು ಸಲ ತಿರುಗಿಸಿದರೆ ಅದೇ ತಿಕ್ಕಿಕೊಂಡು ಸರಿಹೋಗುವುದುಂಟು.

ಇನ್ನು ಪೆಟ್ಟಿಗೆ ಬಿಚ್ಚುವುದು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲ ಕಡೆ ತಗಡು, ತಗಡೆಲ್ಲ ಅರ್ಥ್. ಲೈವ್ ವೈರ್ ಒಂದು ಜಾರಿ ಮುಟ್ಟಿದರೂ ಹಳೇ ವೈರಿಂಗ್ ಕರಗಿಹೋಗಬಹುದು. ಆಮೇಲೆ ಕೆಳಗಿನಿಂದ ಕೈ ತೂರಿಸಿ ಸ್ಪೀಡೋಮೀಟರ್ ಕೇಬಲ್ಲಿನ ಗುಂಡು ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಡಿಸಬೇಕು. ಇಕ್ಕಳ ಹಾಕಿ ಎಳೆಯಬಾರದು. ಪ್ರತಿ ವೈರಿಗೂ ಒಂದು ಚೀಟಿ ಅಂಟಿಸಿ, ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳುವುದು ಒಳ್ಳೆಯದು. ಬಣ್ಣ ನೋಡಿ ಗುರುತಿಸುತ್ತೇನೆ ಅಂದುಕೊಂಡರೆ ಆಗಲ್ಲ. ನಲವತ್ತು ವರ್ಷದ ದೂಳು, ಎಣ್ಣೆ ಸೇರಿ ಎಲ್ಲ ವೈರೂ ಒಂದೇ ಕಂದು ಬಣ್ಣಕ್ಕೆ ಬಂದಿರುತ್ತವೆ.

ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಹೋಲ್ಡರ್ ಎಳೆದಾಗ ಒಂದು ಬಲ್ಬ್ ಕೈಗೆ ಬಂತು. ಕಿರುಬೆರಳಿನ ತುದಿಯಷ್ಟು ಗಾಜು. ಬಿಳಿ ಕಾಗದದ ಮೇಲೆ ಹೊಸ ಬಲ್ಬಿನ ಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಒಳಗಿನ ತಂತಿ, ಅದನ್ನು ಹಿಡಿದ ಎರಡು ಕಡ್ಡಿ, ಎಲ್ಲ ಸ್ಪಷ್ಟ. ಹಳೆಯದರ ಗಾಜಿನ ಒಳಮೈ ಬೂದು ಬಣ್ಣಕ್ಕೆ ತಿರುಗಿ, ಒಂದು ಕಡೆ ಕನ್ನಡಿಯಂಥ ಹೊಳಪು ಬಂದಿತ್ತು. ಅದು ಹೊರಗಿನ ಕೊಳೆಯಲ್ಲ, ಎಷ್ಟು ಒರೆಸಿದರೂ ಹೋಗಲ್ಲ. ಉರಿಯುವಾಗ ತಂತಿಯ ಟಂಗ್‌ಸ್ಟನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿನ ಒಳಗೆ ಕೂತಿದ್ದು. ತಂತಿ ಸವೆದಿದೆ, ಸವೆದಿದ್ದೆಲ್ಲ ಬೆಳಕಿಗೆ ಅಡ್ಡ ನಿಂತಿದೆ. ಗಾಡಿ ಹೊಸದಿದ್ದಾಗ, ವೋಲ್ಟೇಜ್ ಪೂರ್ತಿ ಸಿಗುತ್ತಿದ್ದ ಕಾಲದಲ್ಲಿ ಆಗಿರಬೇಕಾದ ಕೆಲಸ ಅದು. ಬಲ್ಬೂ ಬದಲಾಗಬೇಕಿತ್ತು ಅನ್ನುವುದು ನಿಜವೇ. ಮಿಸ್ತ್ರಿ ಹೇಳಿದ ಹಾಗೆ ಅದು ಮೊದಲನೇ ಕೆಲಸ ಅಲ್ಲ, ಅಷ್ಟೇ.

ಪೆಟ್ಟಿಗೆಯ ಒಳಗೆ ಇಣುಕಿದಾಗ ಮೂರನೇ ಕಾರಣ ಕಾಣಿಸಿತು. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಮೀಟರುಗಳಲ್ಲಿ ಬಲ್ಬಿನ ಬೆಳಕು ನೇರವಾಗಿ ಅಂಕಿಗಳ ಮೇಲೆ ಬೀಳುವುದಿಲ್ಲ. ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಬಲ್ಬು ಒಂದು ಮೂಲೆಯಲ್ಲಿ, ಮರೆಯಲ್ಲಿ ಇರುತ್ತದೆ. ಬೆಳಕು ಪೆಟ್ಟಿಗೆಯ ಒಳಗೋಡೆಗೆ ಬಡಿದು, ಅಲ್ಲಿಂದ ಚೆದುರಿ, ಅಂಚಿನ ಸಂದಿನಿಂದ ಮೀಟರಿನ ಮುಖದ ಮೇಲೆ ಹರಡುತ್ತದೆ. ಆ ಒಳಗೋಡೆಗೆ ಫ್ಯಾಕ್ಟರಿಯಲ್ಲಿ ಬಿಳಿ ಬಣ್ಣ ಬಳಿದಿರುತ್ತಾರೆ. ನಮ್ಮದರಲ್ಲಿ ಆ ಬಿಳಿ ಪೂರ್ತಿ ಕಂದಾಗಿತ್ತು, ಬಲ್ಬಿನ ಹತ್ತಿರ ಸುಟ್ಟು ಸಿಪ್ಪೆ ಏಳುತ್ತಿತ್ತು. ಕಂದು ಗೋಡೆ ಬೆಳಕನ್ನು ಚೆದುರಿಸುವುದಿಲ್ಲ, ನುಂಗುತ್ತದೆ. ಎಂಥ ಹೊಸ ಬಲ್ಬ್ ಹಾಕಿದರೂ ಅದರ ಬೆಳಕಿನಲ್ಲಿ ಎಷ್ಟೋ ಪಾಲು ಅಲ್ಲೇ ಹೋಗಿಬಿಡುತ್ತಿತ್ತು.

ಕೆಲವರು ಅಲ್ಲಿ ಅಲ್ಯುಮಿನಿಯಂ ಫಾಯಿಲ್ ಅಂಟಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಫಾಯಿಲ್ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಮೀಟರಿನ ಒಂದು ಕಡೆ ಪ್ರಖರ, ಇನ್ನೊಂದು ಕಡೆ ಕತ್ತಲೆ. ಜೊತೆಗೆ ಅದು ಲೋಹ, ಸಡಿಲವಾಗಿ ಬಿದ್ದರೆ ಶಾರ್ಟ್ ಆಗುತ್ತದೆ. ಹೊಳಪಿಲ್ಲದ ಬಿಳಿ ಬಣ್ಣವೇ ಒಳ್ಳೆಯದು. ಹಳೇ ಸಿಪ್ಪೆಯನ್ನು ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿ ತೆಗೆದು, ಹೋಲ್ಡರ್ ಕೂರುವ ತೂತುಗಳ ಸುತ್ತ ಟೇಪ್ ಅಂಟಿಸಿ, ತೆಳುವಾಗಿ ಎರಡು ಕೋಟ್ ಹೊಡೆದೆ. ಟೇಪ್ ಯಾಕೆ ಅಂದರೆ ಹೋಲ್ಡರಿಗೆ ಅರ್ಥ್ ಸಿಗುವುದೇ ಆ ತೂತಿನ ಅಂಚಿನಿಂದ. ಅಲ್ಲಿ ಬಣ್ಣ ಬಿದ್ದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ಮೀಟರಿನ ಮುಖವನ್ನು ಮಾತ್ರ ಮುಟ್ಟಲಿಲ್ಲ. ಅಂಕಿಗಳ ಬಣ್ಣ ಒಣಗಿ ಪುಡಿಪುಡಿ ಆಗಿರುತ್ತದೆ, ಒದ್ದೆ ಬಟ್ಟೆ ಆಡಿಸಿದರೆ 60, 80 ಎಲ್ಲ ಬಟ್ಟೆಗೇ ಬಂದುಬಿಡುತ್ತವೆ. ಮೆತ್ತಗಿನ ಬ್ರಷ್‌ನಿಂದ ದೂಳು ಹಾರಿಸಿದರೆ ಸಾಕು. ಗಾಜಿನ ಒಳಮೈಯನ್ನು ಚೆನ್ನಾಗಿ ತೊಳೆದೆ. ಅಲ್ಲಿ ಒಂದು ಮಬ್ಬು ಪದರ ಕೂತಿತ್ತು. ಹಗಲಲ್ಲಿ ಕಾಣದ ಪದರ ಅದು.

ಬಲ್ಬಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದೆ. ಬೇರೆ ಕೆಲಸವೂ ಇತ್ತು ಅನ್ನಿ. ಹಳೇ ಗಾಡಿಯ ಸಾಮಾನು ಅಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಆ ರಸ್ತೆಯೇ. ಆದರೆ ಫಿಯೆಟ್ ಸಾಮಾನು ಕಡಿಮೆಯಾಗುತ್ತಿದೆ. ಕುರ್ಲಾದಲ್ಲಿ ಪದ್ಮಿನಿ ಕಟ್ಟುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳಿಂದಾಗಿ ಸಾಮಾನಿಗೆ ಬೇಡಿಕೆ ಇತ್ತು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳೂ ರಸ್ತೆ ಬಿಟ್ಟವು. ಇನ್ನು ಉಳಿದಿರುವುದು ನಮ್ಮಂಥವರ ಮನೆಯ ಗಾಡಿಗಳು ಮಾತ್ರ. ಅಂಗಡಿಯವರು ನಮಗಾಗಿ ಎಷ್ಟು ದಿನ ಸಾಮಾನು ಇಟ್ಟುಕೊಂಡಾರು? ಪುಣ್ಯಕ್ಕೆ ಮೀಟರ್ ಬಲ್ಬಿಗೆ ಆ ತೊಂದರೆ ಇಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದರೆ ಅದೇ ಬುಡದ, ಅದೇ ವ್ಯಾಟಿನ ಬಲ್ಬು ಸಿಗುತ್ತದೆ.

ಅಂಗಡಿಯವರು ಎಲ್‌ಇಡಿ ತೋರಿಸಿದರು. "ಇದನ್ನೇ ಹಾಕಿ ಸರ್, ಹಗಲಾಗುತ್ತೆ. ಕರೆಂಟೂ ಕಮ್ಮಿ, ಲೈಫೂ ಜಾಸ್ತಿ." ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೂ ನಾನು ಫಿಲಮೆಂಟ್ ಬಲ್ಬನ್ನೇ ತಂದೆ. ಅದಕ್ಕೆ ಕಾರಣಗಳಿವೆ, ಬರೀ ಹಳೆಯದರ ಮೇಲಿನ ಮೋಹ ಅಲ್ಲ.

ಫಿಲಮೆಂಟ್ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ. ಗೋಡೆಗೆ ಬಡಿದು ಹರಡುವ ಪೆಟ್ಟಿಗೆಗೆ ಬೇಕಾದದ್ದು ಅದೇ. ಹೆಚ್ಚಿನ ಎಲ್‌ಇಡಿಗಳು ಮುಂದಕ್ಕೆ ಮಾತ್ರ ಎಸೆಯುತ್ತವೆ. ಆ ಪೆಟ್ಟಿಗೆಯಲ್ಲಿ ಹಾಕಿದರೆ ಒಂದು ಅಂಕಿ ಉರಿಯುತ್ತದೆ, ಪಕ್ಕದ್ದು ಕಾಣುವುದಿಲ್ಲ. ಹಳೇ ಮೀಟರಿನಲ್ಲಿ ಹಸಿರೋ ನೀಲಿಯೋ ಬಣ್ಣದ ಸೋಸುಗಾಜು ಇದ್ದರೆ ಅದರ ಬಣ್ಣವನ್ನು ಆರಿಸಿದ್ದು ಹಳದಿ ಬೆಳಕಿನ ಲೆಕ್ಕದಲ್ಲಿ. ನೀಲಿ ಛಾಯೆಯ ಬಿಳಿ ಎಲ್‌ಇಡಿ ಹಿಂದೆ ನಿಂತರೆ ಬೇರೆಯೇ ಏನೋ ಬಣ್ಣ ಬರುತ್ತದೆ. ಬೆಳಕು ಹೆಚ್ಚುಕಮ್ಮಿ ಮಾಡುವ ಹಳೇ ಗುಂಡಿಗೂ ಎಲ್‌ಇಡಿಗೂ ಹೊಂದುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚಾರ್ಜಿಂಗಿನ ಕೆಂಪು ದೀಪ. ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇರುವ ಎಷ್ಟೋ ಹಳೇ ಗಾಡಿಗಳಲ್ಲಿ ಆ ದೀಪ ಬರೀ ತೋರಿಸುವುದಕ್ಕೆ ಇರುವುದಲ್ಲ. ಎಂಜಿನ್ ಶುರುವಾಗುವಾಗ ಆಲ್ಟರ್ನೇಟರಿಗೆ ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಕರೆಂಟು ಸಾಲದೆ ಆಲ್ಟರ್ನೇಟರ್ ಚಾರ್ಜ್ ಮಾಡದೇ ಇರಬಹುದು. ಬ್ಯಾಟರಿ ಇಳಿದುಹೋಗುತ್ತದೆ, ಯಾರೂ ಆ ಪುಟ್ಟ ದೀಪದ ಮೇಲೆ ಸಂಶಯ ಪಡುವುದಿಲ್ಲ. ಇಂಡಿಕೇಟರ್ ಬಲ್ಬುಗಳ ಕಥೆಯೂ ಹಾಗೇ. ಹಳೇ ಫ್ಲಾಷರ್ ಮಿಟುಕುವುದೇ ಬಲ್ಬುಗಳು ಎಳೆಯುವ ಕರೆಂಟಿನಿಂದ, ಹೊರಗಿನ ದೀಪಗಳನ್ನೆಲ್ಲ ಎಲ್‌ಇಡಿ ಮಾಡಿದರೆ ಅದರ ತಾಳ ತಪ್ಪುತ್ತದೆ. ಎಲ್‌ಇಡಿ ಬೇಡವೇ ಬೇಡ ಅಂತ ಅಲ್ಲ. ಪ್ಲಾಸ್ಟಿಕ್ ಪೆಟ್ಟಿಗೆ ಬಿಸಿಗೆ ಸೊಟ್ಟಗಾಗಿದ್ದರೆ ಅಷ್ಟಾಗಿ ಬಿಸಿಯಾಗದ ಎಲ್‌ಇಡಿಯೇ ಒಳ್ಳೆಯದು. ಆಗಲೂ ಹಳದಿ ಛಾಯೆಯದನ್ನು, ಸುತ್ತ ಬೆಳಕು ಕೊಡುವುದನ್ನು ಹುಡುಕಿ ಹಾಕಿ. ಚಾರ್ಜಿಂಗ್ ದೀಪದ ತಂಟೆಗೆ ಹೋಗಬೇಡಿ.

ಜಾಸ್ತಿ ವ್ಯಾಟಿನ ಬಲ್ಬು ಹಾಕುವುದು ಇನ್ನೊಂದು ಆಸೆ. ಅದೂ ಬೇಡ. ಸಾಮಾನ್ಯವಾಗಿ ಮೀಟರ್ ಬಲ್ಬುಗಳು 2ರಿಂದ 4 ವ್ಯಾಟಿನವು. ಆ ಸಣ್ಣ ಪೆಟ್ಟಿಗೆಗೆ ಗಾಳಿ ಆಡಲು ಜಾಗ ಇಲ್ಲ. ಜಾಸ್ತಿ ಬಿಸಿಗೆ ಬಣ್ಣ ಸುಡುತ್ತದೆ, ಹೋಲ್ಡರ್ ಬಿಗಿ ಕಳೆದುಕೊಳ್ಳುತ್ತದೆ, ಮೀಟರಿನ ಮುಖ ಬಿರುಕು ಬಿಡುತ್ತದೆ. ನಾಲ್ಕು ವರ್ಷದಲ್ಲಿ ಮತ್ತೆ ಮಂಕು.

ಇಷ್ಟೆಲ್ಲ ಆದ ಮೇಲೆ ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಮೀಟರಿಗೆ ಎಷ್ಟು ಬೆಳಕು ಬೇಕು? 'ಹಗಲಾಗುತ್ತೆ' ಅಂತ ಅಂಗಡಿಯವರು ಹೇಳಿದ್ದು ಒಳ್ಳೆಯ ಅರ್ಥದಲ್ಲೇ. ಆದರೆ ರಾತ್ರಿ ಗಾಡಿಯೊಳಗೆ ಹಗಲಾದರೆ ಹೊರಗೆ ಏನು ಕಾಣುತ್ತದೆ?

ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20-30 ನಿಮಿಷ ಬೇಕು. ಒಗ್ಗಿದ್ದು ಕಳೆದುಹೋಗಲು ಒಂದು ಕ್ಷಣ ಸಾಕು. ಎದುರಿನಿಂದ ಯಾರಾದರೂ ಡಿಮ್ ಮಾಡದೆ ಬಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು ಅಲ್ವಾ? ಪ್ರಖರವಾದ ಡ್ಯಾಶ್‌ಬೋರ್ಡ್ ಅದೇ ಕೆಲಸವನ್ನು ಸದ್ದಿಲ್ಲದೆ, ದಾರಿಯುದ್ದಕ್ಕೂ ಮಾಡುತ್ತದೆ. ಕತ್ತಲಲ್ಲಿ ನೋಡುವ ಕಣ್ಣಿನ ಭಾಗ ನೀಲಿ ಹಸಿರು ಬೆಳಕಿಗೆ ಜಾಸ್ತಿ ಸೂಕ್ಷ್ಮ, ಕಡು ಕೆಂಪಿಗೆ ಹೆಚ್ಚುಕಡಿಮೆ ಕುರುಡು. ವಿಮಾನದ ಕಾಕ್‌ಪಿಟ್‌ಗಳಲ್ಲಿ, ಜಲಾಂತರ್ಗಾಮಿಗಳಲ್ಲಿ ಬಹುಕಾಲ ಕೆಂಪು ದೀಪ ಬಳಸಿದ್ದು ಇದಕ್ಕೇ. ಸ್ವೀಡನ್ನಿನ ಸಾಬ್ ಕಾರುಗಳಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ರಾತ್ರಿ ಹೊತ್ತು ಸ್ಪೀಡೋಮೀಟರ್ ಬಿಟ್ಟು ಉಳಿದ ದೀಪಗಳೆಲ್ಲ ಆರುತ್ತಿದ್ದವು, ಏನಾದರೂ ತೊಂದರೆಯಾದರೆ ಮಾತ್ರ ಹತ್ತುತ್ತಿದ್ದವು. ಯಾರೋ ಕತ್ತಲಲ್ಲಿ ನಿಜವಾಗಿ ಗಾಡಿ ಓಡಿಸಿ ಯೋಚಿಸಿದ ಗುಂಡಿ ಅದು. ಈಗಿನ ಕಾರುಗಳ ದೊಡ್ಡ ಪರದೆ ನೋಡಿದಾಗಲೆಲ್ಲ ನನಗೆ ಆ ಗುಂಡಿ ನೆನಪಾಗುತ್ತದೆ.

ಆಗುಂಬೆ ದಾರಿಯಲ್ಲಿ ಇದು ಪುಸ್ತಕದ ಮಾತಲ್ಲ. ರಸ್ತೆ ಪಕ್ಕದಲ್ಲಿ ನಿಂತ ಕಡವೆ ಹೆಡ್‌ಲೈಟಿನ ಅಂಚಿನಲ್ಲಿ ಬರೀ ಒಂದು ನೆರಳಾಗಿ ಕಾಣುತ್ತದೆ. ಕಣ್ಣು ಕತ್ತಲಿಗೆ ಒಗ್ಗಿದ್ದರೆ ಮಾತ್ರ ಆ ನೆರಳು ಕಾಣುವುದು. ಪದ್ಮಿನಿಯ ಹೆಡ್‌ಲೈಟು ಈಗಿನವುಗಳ ಮುಂದೆ ಏನೂ ಅಲ್ಲ. ಅಂಥ ಗಾಡಿಯಲ್ಲಿ ಮೀಟರನ್ನು ಪ್ರಖರ ಮಾಡಿಕೊಂಡು ಕೂತರೆ ಇರುವ ನೋಟವನ್ನೂ ಕಳೆದುಕೊಂಡ ಹಾಗೆ. ಅದಕ್ಕೇ ನನ್ನ ಪ್ರಕಾರ ಹಳೇ ಮೀಟರಿಗೆ ಹೊಸ ಬೆಳಕು ಬೇಕಾಗಿಲ್ಲ. ಫ್ಯಾಕ್ಟರಿಯಿಂದ ಬಂದ ದಿನ ಎಷ್ಟಿತ್ತೋ ಅಷ್ಟು ವಾಪಸ್ ಸಿಕ್ಕರೆ ಸಾಕು.

ಎಷ್ಟಿತ್ತು ಅಂತ ಹೇಳಬಲ್ಲವರು ಮನೆಯಲ್ಲಿ ಅಪ್ಪಯ್ಯ ಒಬ್ಬರೇ. ಅರ್ಥ್ ಪಟ್ಟಿಯ ಕೆಳಗಿನ ಬಣ್ಣ ಕೆರೆದು, ಪೆಟ್ಟಿಗೆಯಿಂದ ಬಾಡಿಗೆ ಒಂದು ಪ್ರತ್ಯೇಕ ಅರ್ಥ್ ವೈರ್ ಎಳೆದು, ಫ್ಯೂಸು ಉಜ್ಜಿ, ಹೊಸ ಬಲ್ಬ್ ಹಾಕಿ ಮುಚ್ಚಿದ್ದೆ. ಹೋಲ್ಡರಿನಲ್ಲಿ ಈಗ ಬ್ಯಾಟರಿಗಿಂತ ಕಾಲು ವೋಲ್ಟು ಮಾತ್ರ ಕಡಿಮೆ. ಅರ್ಥ್ ಪಟ್ಟಿ ಸರಿಯಾಗಿದ್ದರಿಂದ ಹೆಡ್‌ಲೈಟೂ ಒಂದು ಕೈ ಜಾಸ್ತಿಯಾಯಿತು, ಅದು ನಾನು ಕೇಳದೇ ಬಂದ ಲಾಭ. ಮೀಟರ್ ದೀಪ ಮಂಕಾದರೆ ಅದೊಂದೇ ಅಲ್ಲ, ಬೇರೆ ದೀಪಗಳಿಗೂ ಕರೆಂಟು ಸೋರುತ್ತಿದೆ ಅಂತಲೇ ಲೆಕ್ಕ ಹಾಕಿ ಹುಡುಕಬೇಕು.

ಸಂಜೆ ಕತ್ತಲಾದ ಮೇಲೆ ಅಪ್ಪಯ್ಯನನ್ನು ಸ್ಟೀರಿಂಗ್ ಹಿಂದೆ ಕೂರಿಸಿದೆ. ನನಗೆ ಅಂಕಿಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಹೌದು, ಬಣ್ಣ ಇದೇ. ಆದ್ರೆ ಇನ್ನೂ ಸ್ವಲ್ಪ ಜಾಸ್ತಿ ಇತ್ತು" ಅಂದರು. ಮಲ್ಟಿಮೀಟರಿನಲ್ಲಿ ಅಳೆದ ವೋಲ್ಟನ್ನು ಅವರಿಗೆ ತೋರಿಸಿ ವಾದ ಮಾಡಲು ಹೋಗಲಿಲ್ಲ. ಅವರ ಮಾತೂ ಸರಿಯೇ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ, ಒಳಗಿನ ಮಸೂರವೂ ಹಳದಿಯಾಗಿ ಮಬ್ಬಾಗುತ್ತದೆ. 20ರ ವಯಸ್ಸಿನಲ್ಲಿ ಕಣ್ಣಿನ ಹಿಂಭಾಗಕ್ಕೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರಲ್ಲಿ ಮುಟ್ಟುತ್ತದೆ. ಅಪ್ಪಯ್ಯನಿಗೆ 60 ದಾಟಿ ಎಷ್ಟೋ ವರ್ಷ ಆಯಿತು. ಬ್ಯಾಟರಿಯಿಂದ ಹೊರಟ ಬೆಳಕಿನ ದಾರಿಯನ್ನು ನಾನು ಮೀಟರಿನ ಗಾಜಿನವರೆಗೆ ಸರಿ ಮಾಡಬಲ್ಲೆ. ಅದರಾಚೆಗಿನ ದಾರಿ ಎಮರಿ ಪೇಪರಿಗೆ ಸಿಗುವಂಥದ್ದಲ್ಲ.

ಹಾಗಾದರೆ ಅವರಿಗಾಗಿ ಬೆಳಕು ಜಾಸ್ತಿ ಮಾಡಬೇಕಾ? ಇದನ್ನು ಅವರನ್ನೇ ಕೇಳಿದೆ. ರಾತ್ರಿ ಓಡಿಸುವುದನ್ನು ಅವರು ತಾವಾಗಿಯೇ ಬಿಟ್ಟಿದ್ದಾರೆ. "ಓಡಿಸೋನು ನೀನು. ನಿನ್ನ ಕಣ್ಣಿಗೆ ಸರಿ ಇದ್ರೆ ಸರಿ" ಅಂದರು. ಆಮೇಲೆ ಹೈಬೀಮ್ ಹಾಕಿದರು. ಹೈಬೀಮ್ ಆನ್ ಇದೆ ಅಂತ ತೋರಿಸುವ ಮೀಟರ್ ಪೆಟ್ಟಿಗೆಯ ನೀಲಿ ದೀಪ ಹತ್ತಿತು. ಅದರ ಹಿಂದೆಯೂ ಹೊಸ ಬಲ್ಬಿದೆ, ಪೂರ್ತಿ ವೋಲ್ಟೇಜಿದೆ. ಇಬ್ಬರ ಕಣ್ಣಿಗೂ ಚುಚ್ಚಿತು. "ಇದು ಮಾತ್ರ ಜಾಸ್ತಿಯಾಯ್ತು ನೋಡು" ಅಂದರು.

ಅದು ನಿಜ. ಘಾಟಿಯಲ್ಲಿ ಹೈಬೀಮಿನಲ್ಲೇ ಜಾಸ್ತಿ ಓಡಿಸುವುದು, ಕತ್ತಲ ಕಣ್ಣಿಗೆ ನೀಲಿಯಷ್ಟು ತೊಂದರೆ ಕೊಡುವ ಬಣ್ಣ ಇನ್ನೊಂದಿಲ್ಲ. ಅಲ್ಲಿಗೆ ಹಳೇ ಬಲ್ಬುಗಳಲ್ಲಿ ಗಾಜು ಬೂದಾದದ್ದನ್ನೇ ಹುಡುಕಿ ಹಾಕಿದ್ದೇನೆ. ಸರಿಯಾಗಿದೆ.